ಶಾಲೆ ಬಿಟ್ಟ ಮೇಲಿನ ಮೂರು ಗಂಟೆ: ದುಡಿಯುವವರ ಮಕ್ಕಳ ಸಂಜೆ ಕೇಂದ್ರಕ್ಕೆ ಹಣ ಹೊಂದಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಸರ್ಕಾರಿ ಶಾಲೆಗಳು ಸಂಜೆ ನಾಲ್ಕೂವರೆಯ ಸುಮಾರಿಗೆ ಬಿಡುತ್ತವೆ. ಮನೆಗೆಲಸಕ್ಕೆ ಹೋಗುವ ತಾಯಿ ಕೊನೆಯ ಮನೆಯ ಪಾತ್ರೆ ತೊಳೆದು ಬರುವಷ್ಟರಲ್ಲಿ ಏಳಾಗಿರುತ್ತದೆ. ಗಾರೆ ಕೆಲಸದವರು, ಎಪಿಎಂಸಿ ಹಮಾಲರು, ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು, ಆಸ್ಪತ್ರೆಯ ಆಯಾಗಳು ಇನ್ನೂ ತಡವಾಗಿ ಬರುತ್ತಾರೆ. ನಡುವಿನ ಎರಡು ಮೂರು ಗಂಟೆ ಯಾರ ಹೊಣೆಯೂ ಅಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ ಇದೆ, ಹಳ್ಳಿಗಳಲ್ಲಿ ಕೂಸಿನ ಮನೆ ಇದೆ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕೆಂದು ಕಾನೂನು ಹೇಳುತ್ತದೆ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ಏಳು, ಒಂಬತ್ತು, ಹನ್ನೊಂದು ವರ್ಷದ ಮಗುವಿನ ಸಂಜೆಗೆ ಮಾತ್ರ ಏನೂ ಇಲ್ಲ. ಆ ಮಗು ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತದೆ, ಇಲ್ಲವೇ ತಮ್ಮನನ್ನು ಎತ್ತಿಕೊಂಡು ರಸ್ತೆಯಲ್ಲಿರುತ್ತದೆ.

ಇಂಥ ಮಕ್ಕಳಿಗಾಗಿ ಓಣಿಯಲ್ಲೊಂದು ಸಂಜೆ ಕೇಂದ್ರ ತೆರೆಯಬೇಕೆಂದು ಬಯಸುವವರು ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಮಹಿಳಾ ಸಂಘದವರು, ನಿವೃತ್ತ ಶಿಕ್ಷಕರು, ಕಾರ್ಮಿಕ ಸಂಘಟನೆಯವರು, ಮಸೀದಿ ಕಮಿಟಿಯವರು, ಯುವಕ ಸಂಘದವರು ಮುಂದೆ ಬರುತ್ತಾರೆ. ಆದರೆ ಹಣದ ಮಾತು ಬಂದಲ್ಲಿ ಕೆಲಸ ನಿಲ್ಲುತ್ತದೆ. ಈ ಬರಹ ಪೂರ್ತಿ ಹಣದ ಬಗ್ಗೆಯೇ ಇದೆ. ಎಷ್ಟು ಬೇಕು, ಯಾರನ್ನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು, ಬಂದದ್ದನ್ನು ಹೇಗೆ ಕಾಯಬೇಕು ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಎಲ್ಲದಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ದಾನಕ್ಕೆ ಬರವಿಲ್ಲ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಹೆಸರಿದೆ, ಛತ್ರಕ್ಕೂ ಕಾಲೇಜಿಗೂ ರಾಜನಹಳ್ಳಿ ಹೆಸರಿದೆ. ಸಿರಿಗೆರೆಯ ಮಠದ ಶಾಲೆ, ಹಾಸ್ಟೆಲ್‌ಗಳಲ್ಲಿ ಓದಿದವರು ಊರೂರಿನಲ್ಲಿದ್ದಾರೆ. ಆದರೆ ದಾನಿಗಳ ಮನಸ್ಸು ಕಟ್ಟಡದ ಕಡೆಗೆ, ವಸ್ತುವಿನ ಕಡೆಗೆ ವಾಲುತ್ತದೆ. ಬೆಂಚು, ಬ್ಯಾಗು, ಫ್ಯಾನು, ಗೋಡೆ ಗಡಿಯಾರ ಕೇಳದೆಯೇ ಬರುತ್ತವೆ. ಸಂಜೆ ಕೇಂದ್ರ ನಡೆಯುವುದಾದರೋ ದಿನವೂ ಬಂದು ಬಾಗಿಲು ತೆರೆಯುವ ಇಬ್ಬರು ಹೆಣ್ಣುಮಕ್ಕಳ ಸಂಬಳದ ಮೇಲೆ. ಕೇಂದ್ರಗಳು ಮುಚ್ಚುವುದು ಬೆಂಚಿಲ್ಲದೆ ಅಲ್ಲ, ಸಂಬಳ ಕೊಡಲಾಗದೆ. ಆದ್ದರಿಂದ ಮುಂದಿನ ಪ್ರತಿ ಹೆಜ್ಜೆಯನ್ನೂ ಸಂಬಳದ ಹಣ ತರುವ ಉದ್ದೇಶದಿಂದಲೇ ಬರೆದಿದ್ದೇನೆ.

ಹೆಜ್ಜೆ 1: ಓಣಿಯಲ್ಲಿ ಗಂಟೆಗಳನ್ನು ಎಣಿಸಿ

ಮನೆ ಮನೆಗೆ ಹೋಗಿ ಮೂರೇ ಪ್ರಶ್ನೆ ಕೇಳಿ. ಮಗು ಎಷ್ಟಕ್ಕೆ ಮನೆಗೆ ಬರುತ್ತದೆ? ದೊಡ್ಡವರು ಎಷ್ಟಕ್ಕೆ ಬರುತ್ತಾರೆ? ನಡುವೆ ಮಗು ಎಲ್ಲಿರುತ್ತದೆ? ಉತ್ತರಗಳನ್ನು ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆದುಕೊಳ್ಳಿ. ಆಜಾದ್ ನಗರ, ಬಾಷಾ ನಗರದ ಕಡೆ ಮಂಡಕ್ಕಿ ಭಟ್ಟಿಗೆ ಹೋಗುವವರಿದ್ದರೆ ಅವರ ಹೊತ್ತೇ ಬೇರೆ. ಬೆಳಗಿನ ಜಾವ ಹೋದವರು ಸಂಜೆ ಮನೆಯಲ್ಲಿರಬಹುದು, ಅವರ ಮಕ್ಕಳಿಗೆ ಶಾಲೆಗೆ ಮುಂಚಿನ ಹೊತ್ತೇ ಕಷ್ಟದ್ದಾಗಿರಬಹುದು. ಬೀಡಿ ಕಟ್ಟುವ ಮನೆಗಳಲ್ಲಿ ತಾಯಿ ಮನೆಯಲ್ಲೇ ಇದ್ದರೂ ಮಗು ಎಲೆ ಕತ್ತರಿಸಲು ಕೂರುತ್ತದೆ. ಒಂದು ಓಣಿಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಈ ನೋಟ್‌ಬುಕ್ಕೇ ನಿಮ್ಮ ಮೊದಲ ದಾಖಲೆ. "ಬಡ ಮಕ್ಕಳಿಗೆ ಶಿಕ್ಷಣ" ಎಂದು ಬರೆದ ನೂರು ಅರ್ಜಿಗಳನ್ನು ದಾನಿಗಳು ನೋಡಿರುತ್ತಾರೆ. "ಈ ಎರಡು ಬೀದಿಗಳಲ್ಲಿ 43 ಮಕ್ಕಳು, ಅವರಲ್ಲಿ 30 ಮಕ್ಕಳ ಮನೆಯಲ್ಲಿ ಸಂಜೆ ಏಳರವರೆಗೆ ದೊಡ್ಡವರು ಯಾರೂ ಇರುವುದಿಲ್ಲ" ಎಂಬಂಥ ಸಾಲನ್ನು ಬಹುಶಃ ಯಾರೂ ಅವರಿಗೆ ತೋರಿಸಿಲ್ಲ.

ಹೆಜ್ಜೆ 2: ಒಂದು ಸಂಜೆಯ ಬೆಲೆ ಕಂಡುಹಿಡಿಯಿರಿ

30 ಮಕ್ಕಳು, ತಿಂಗಳಿಗೆ 24 ದಿನ, ದಿನಕ್ಕೆ ಮೂರು ಗಂಟೆ ಎಂದು ಹಿಡಿಯೋಣ. ಕೆಳಗಿನ ಅಂಕಿಗಳು ಮಾದರಿಗಾಗಿ. ನಿಮ್ಮ ಓಣಿಯ ಬಾಡಿಗೆ, ಕೂಲಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಮೇಲ್ವಿಚಾರಕಿಗೆ 9,000 ರೂಪಾಯಿ, ಸಹಾಯಕಿಗೆ 6,000. ತಿಂಡಿಗೆ ಮಗುವಿಗೆ ದಿನಕ್ಕೆ 10 ರೂಪಾಯಿಯಂತೆ 7,200. ಬಾಡಿಗೆ 4,000. ವಿದ್ಯುತ್ತು, ನೀರು 800. ಕಾಗದ, ಪುಸ್ತಕ, ಆಟದ ಸಾಮಾನು 1,000. ಸ್ವಚ್ಛತೆ, ಪ್ರಥಮ ಚಿಕಿತ್ಸೆ 500. ಲೆಕ್ಕಪರಿಶೋಧನೆ, ರಸೀದಿ ಪುಸ್ತಕ, ಸರ್ಕಾರಿ ಸಲ್ಲಿಕೆಗಳಿಗೆ 1,500. ಒಟ್ಟು 30,000.

ಅಂದರೆ ವರ್ಷಕ್ಕೆ 3,60,000. ಒಂದು ಮಗುವಿಗೆ ತಿಂಗಳಿಗೆ 1,000. ಇಡೀ ಕೇಂದ್ರದ ಒಂದು ಸಂಜೆಗೆ 1,250 ರೂಪಾಯಿ. ಈ 1,250ನ್ನು ಬಾಯಿಪಾಠ ಮಾಡಿಕೊಳ್ಳಿ. ಮುಂದೆ ದಾನ ಕೇಳುವಾಗ ನೀವು ಹೇಳಬೇಕಾದ ಸಂಖ್ಯೆ ಅದೇ.

ಲೆಕ್ಕಪರಿಶೋಧಕರ ಖರ್ಚನ್ನು "ಆಮೇಲೆ ನೋಡೋಣ" ಎಂದು ಬಿಡಬೇಡಿ. ಸಂಬಳವನ್ನು "ಸೇವಾ ಮನೋಭಾವದವರು ಸಿಗುತ್ತಾರೆ" ಎಂದು ಸೊನ್ನೆ ಮಾಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಕೇಂದ್ರದಲ್ಲಿ ದುಡಿಯುವ ಹೆಣ್ಣುಮಗಳೂ ದುಡಿಯುವ ಕುಟುಂಬದವಳೇ. ಗೌರವಧನ ಎಂಬ ಹೆಸರಿನಲ್ಲಿ ಒಂದೆರಡು ಸಾವಿರ ಕೊಟ್ಟು ಮೂರು ಗಂಟೆ ನಿತ್ಯ ದುಡಿಸಿದರೆ ಆಕೆ ನಾಲ್ಕನೇ ತಿಂಗಳಿಗೆ ಬೇರೆ ಕೆಲಸ ಹುಡುಕುತ್ತಾಳೆ. ಹಾಗೆ ಹುಡುಕುವುದು ಸರಿಯೂ ಹೌದು. ಮಕ್ಕಳಿಗೆ ಮತ್ತೆ ಹೊಸ ಮುಖ.

ಶಿಕ್ಷಕರ ವಿಷಯದಲ್ಲಿ ಒಂದು ಎಚ್ಚರಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವಂತಿಲ್ಲ. ಸೇವೆಯಲ್ಲಿರುವ ಸರ್ಕಾರಿ ಶಿಕ್ಷಕರಿಗೆ ಸಂಬಳ ಕೊಟ್ಟು ಕರೆಯಬೇಡಿ. ನಿವೃತ್ತರು, ಬಿ.ಇಡಿ ಓದುತ್ತಿರುವವರು, ಓಣಿಯಲ್ಲೇ ಇರುವ ಪಿಯುಸಿ ಮುಗಿಸಿದ ಸೊಸೆಯಂದಿರು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತಾರೆ. ಮಕ್ಕಳಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಇನ್ನೊಂದು ಶಾಲೆಯಲ್ಲ. ತಿನ್ನಲು ಏನಾದರೂ, ಆಡಲು ಜಾಗ, ಹೋಂವರ್ಕ್ ನೋಡುವ ಒಬ್ಬರು, ಹೆಸರು ಹಿಡಿದು ಕರೆಯುವ ಒಬ್ಬರು ಇದ್ದರೆ ಸಾಕು.

ಹೆಜ್ಜೆ 3: ಜಾಗ

ಮೇಲಿನ ಲೆಕ್ಕದಲ್ಲಿರುವ 4,000 ಬಾಡಿಗೆಯನ್ನು ಉಳಿಸಲು ಸಾಧ್ಯವೇ ನೋಡಿ. ಸರ್ಕಾರಿ ಶಾಲೆಯ ಒಂದು ಕೊಠಡಿಗಾಗಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಕೊಡಿ. ಸಮುದಾಯ ಭವನ, ದೇವಸ್ಥಾನ ಅಥವಾ ಮಸೀದಿಯ ಹೊರ ಹಾಲ್ ಕೂಡ ಆಗುತ್ತದೆ, ಎಲ್ಲ ಮಕ್ಕಳೂ ಸಂಕೋಚವಿಲ್ಲದೆ ಒಳಗೆ ಬರುವಂತಿದ್ದರೆ ಮಾತ್ರ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಒಳ್ಳೆಯ ಆಸರೆ; 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ ಮಕ್ಕಳು ಅಲ್ಲಿ ಉಚಿತವಾಗಿ ಸದಸ್ಯರಾಗುತ್ತಾರೆ. ಜಾಗ ಎಲ್ಲೇ ಸಿಗಲಿ, ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇರಬೇಕು, ಬೀದಿಗೆ ಬೆಳಕಿರಬೇಕು, ಒಪ್ಪಿಗೆ ಕಾಗದದ ಮೇಲಿರಬೇಕು.

ಹೆಜ್ಜೆ 4: ಹಣ ಪಡೆಯಲು ಅರ್ಹವಾದ ಸಂಸ್ಥೆ

ಇಲ್ಲಿ ಅವಸರ ಬೇಡ. ಒಬ್ಬರ ಸ್ವಂತ ಖಾತೆಗೆ ದಾನ ಹಾಕಿಸಿಕೊಂಡು ಶುರುಮಾಡಿದ ಎಷ್ಟೋ ಒಳ್ಳೆಯ ಕೆಲಸಗಳು ಅನುಮಾನದಲ್ಲಿ ಮುರಿದುಬಿದ್ದಿವೆ.

ಮೂರು ದಾರಿಗಳಿವೆ. ಸಾರ್ವಜನಿಕ ದತ್ತಿ ಟ್ರಸ್ಟ್ ಆದರೆ ಟ್ರಸ್ಟ್ ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಆಗಬೇಕಾದರೆ ಕನಿಷ್ಠ ಏಳು ಸದಸ್ಯರು ಬೇಕು. 2013ರ ಕಂಪನಿ ಕಾಯ್ದೆಯ 8ನೇ ಕಲಂ ಅಡಿ ಲಾಭರಹಿತ ಕಂಪನಿಯನ್ನೂ ಮಾಡಬಹುದು, ಆದರೆ ಅದರ ವಾರ್ಷಿಕ ಸಲ್ಲಿಕೆಗಳ ಖರ್ಚು ಒಂದು ಓಣಿಯ ಕೇಂದ್ರಕ್ಕೆ ಭಾರ. ತಾಯಂದಿರಿಗೂ ಮತದ ಹಕ್ಕಿರುವ ಸಂಘವೇ ನನಗೆ ಇಷ್ಟ. ಕುಟುಂಬದವರೇ ತುಂಬಿದ ಟ್ರಸ್ಟ್ ಅನ್ನು ದೊಡ್ಡ ದಾನಿಗಳು ಅನುಮಾನದಿಂದ ನೋಡುತ್ತಾರೆ.

ಉದ್ದೇಶಗಳನ್ನು ಬರೆಯುವ ಪುಟ ಬಹಳ ಮುಖ್ಯ. "ಟ್ಯೂಷನ್ ಕೊಡುವುದು" ಎಂದಷ್ಟೇ ಬರೆದು ಅದನ್ನು ಶಿಕ್ಷಣ ಎಂದು ತೋರಿಸಲು ಹೋದರೆ ತೆರಿಗೆ ಇಲಾಖೆಯಲ್ಲಿ ತೊಡಕಾಗಬಹುದು. 1975ರಲ್ಲಿ ಸುಪ್ರೀಂ ಕೋರ್ಟ್ ನಮ್ಮದೇ ರಾಜ್ಯದ ಲೋಕ ಶಿಕ್ಷಣ ಟ್ರಸ್ಟ್ ಪ್ರಕರಣದಲ್ಲಿ, ಆದಾಯ ತೆರಿಗೆಯ ಮಟ್ಟಿಗೆ ಶಿಕ್ಷಣವೆಂದರೆ ಕ್ರಮಬದ್ಧ ಶಾಲಾ ಬೋಧನೆ ಎಂಬ ನಿಲುವು ತಳೆಯಿತು. ಹುಬ್ಬಳ್ಳಿಯಿಂದ "ಸಂಯುಕ್ತ ಕರ್ನಾಟಕ" ಹೊರಡಿಸುವ ಸಂಸ್ಥೆ ಅದು. 2022ರ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ತೀರ್ಪೂ ಅದೇ ಜಾಡಿನದು. ಹಾಗಾಗಿ ಉದ್ದೇಶಗಳಲ್ಲಿ "ದುಡಿಯುವ ಬಡ ಕುಟುಂಬಗಳ ಮಕ್ಕಳ ಆರೈಕೆ, ಪೌಷ್ಟಿಕ ಆಹಾರ, ರಕ್ಷಣೆ ಮತ್ತು ಕಲಿಕೆಗೆ ನೆರವು" ಎಂದು ಬಡವರ ನೆರವನ್ನು ಮುಂದಿಟ್ಟು ಬರೆಸಿ. ನಿಮ್ಮ ಕೆಲಸದ ನಿಜವಾದ ವಿವರಣೆಯೂ ಅದೇ. ಕೇಂದ್ರ ಮುಚ್ಚಿದರೆ ಉಳಿದ ಆಸ್ತಿ ಇಂಥದೇ ಉದ್ದೇಶದ ಸಂಸ್ಥೆಗೆ ಹೋಗಬೇಕೆಂಬ ಕಲಂ ಕೂಡ ಇರಲಿ.

ಆಮೇಲೆ ಪ್ಯಾನ್, ಸಂಸ್ಥೆಯ ಹೆಸರಿನಲ್ಲಿ ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ, ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಣಿ, ಆದಾಯ ತೆರಿಗೆಯ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಅನುಮೋದನೆ. ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಅದು ಸಿಕ್ಕಿತೆಂದು ಮರೆತು ಕೂತವರೇ ಹೆಚ್ಚು. ಕೆಲಸ ಶುರುವಾದ ಆರು ತಿಂಗಳೊಳಗೆ, ಅಥವಾ ತಾತ್ಕಾಲಿಕ ಅವಧಿ ಮುಗಿಯುವ ಆರು ತಿಂಗಳ ಮುಂಚೆ, ಇವೆರಡರಲ್ಲಿ ಯಾವುದು ಮೊದಲೋ ಆಗ ಪೂರ್ಣ ಅವಧಿಯ ನೋಂದಣಿಗೆ ಅರ್ಜಿ ಹಾಕಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಕಲಂಗಳ ಸಂಖ್ಯೆ, ನಮೂನೆಗಳು ಬೇರೆ. ಎಲ್ಲರೂ ಆಡುವ ಹಳೆಯ ಹೆಸರುಗಳನ್ನೇ ಇಲ್ಲಿ ಬಳಸಿದ್ದೇನೆ; ಅರ್ಜಿ ತುಂಬುವ ಮುನ್ನ ಲೆಕ್ಕಪರಿಶೋಧಕರಿಂದ ಹೊಸ ಸಂಖ್ಯೆ ಕೇಳಿಕೊಳ್ಳಿ.

ಇಷ್ಟೆಲ್ಲ ಮುಗಿಯುವವರೆಗೆ ಮಕ್ಕಳು ಕಾಯಬೇಕಿಲ್ಲ. ಈಗಾಗಲೇ ನೋಂದಣಿ ಇರುವ, ಲೆಕ್ಕ ನೇರವಾಗಿರುವ ಸ್ಥಳೀಯ ಸಂಸ್ಥೆಯೊಂದರ ಅಡಿಯಲ್ಲಿ, ಬರವಣಿಗೆಯ ಒಪ್ಪಂದ ಮಾಡಿಕೊಂಡು, ಪ್ರತ್ಯೇಕ ಖಾತೆಪುಸ್ತಕ ಇಟ್ಟು ಮೊದಲ ವರ್ಷ ನಡೆಸಬಹುದು.

ಹೆಜ್ಜೆ 5: ಪೋಷಕರ ಪಾಲು

ಉಚಿತವಾಗಿಯೇ ಇರಲಿ ಎನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ತಿಂಗಳಿಗೆ 150 ರೂಪಾಯಿ ಕೊಡುವ ತಾಯಿ ಕೇಂದ್ರ ಐದು ನಿಮಿಷ ತಡವಾಗಿ ತೆರೆದರೆ ಕೇಳುತ್ತಾಳೆ. ಆ ಕೇಳುವಿಕೆ ಕೇಂದ್ರಕ್ಕೆ ಬೇಕು. 30ರಲ್ಲಿ ಆರು ಮನೆಗಳಿಗೆ ಪೂರ್ತಿ ವಿನಾಯಿತಿ ಕೊಟ್ಟರೂ ತಿಂಗಳಿಗೆ 3,600 ಬರುತ್ತದೆ.

ಯಾರಿಗೆ ವಿನಾಯಿತಿ ಎಂಬುದು ಮೇಲ್ವಿಚಾರಕಿ ಮತ್ತು ಖಜಾಂಚಿಗೆ ಮಾತ್ರ ಗೊತ್ತಿರಲಿ. ಹಣವನ್ನು ಮಕ್ಕಳ ಕೈಯಲ್ಲಿ ತರಿಸಬೇಡಿ, ಬಾಕಿಯ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಮಳೆಗಾಲದಲ್ಲಿ ಗಾರೆ ಕೆಲಸ ನಿಂತಾಗ ಎರಡು ತಿಂಗಳು ಬಿಡುವ ಉದಾರತೆಯೂ ಇರಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದವರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವಿದೆ, ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಿದೆ. ಈ ಹಣ ಕೇಂದ್ರಕ್ಕೆ ಬರುವುದಿಲ್ಲ, ಬರಲೂ ಬಾರದು. ಆದರೆ ಅರ್ಜಿ ತುಂಬಿಸಿಕೊಟ್ಟರೆ ಮನೆಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ.

ಹೆಜ್ಜೆ 6: ಊರಿನ ದಾನ

ಕೇಂದ್ರದ ಬೆನ್ನೆಲುಬು ಇದೇ. ಕಂಪನಿಗಳ ಬಾಗಿಲಿಗೆ ಹೋಗುವ ಮುನ್ನ ಇಲ್ಲಿ ಒಂದು ವರ್ಷವಾದರೂ ಬೇರು ಬಿಡಬೇಕು.

ತಿಂಗಳ ದಾನಿಗಳಿಂದ ಶುರುಮಾಡಿ. ತಿಂಗಳಿಗೆ 200 ರೂಪಾಯಿ ಕೊಡುವ 50 ಜನ ಸಿಕ್ಕರೆ 10,000. ಬ್ಯಾಂಕ್ ನೌಕರರು, ಉಪನ್ಯಾಸಕರು, ಔಷಧ ಅಂಗಡಿಯವರು, ನಿವೃತ್ತರು, ಕೆ.ಟಿ.ಜೆ. ನಗರ, ವಿನೋಬ ನಗರ, ಎಂ.ಸಿ.ಸಿ. ಬ್ಲಾಕ್‌ನ ಮನೆಗಳವರು ಇದಕ್ಕೆ ಒದಗುತ್ತಾರೆ. ಯುಪಿಐ ಅಥವಾ ಬ್ಯಾಂಕಿನ ಸ್ವಯಂಚಾಲಿತ ಪಾವತಿಯನ್ನು ಅವರೆದುರೇ ಹೊಂದಿಸಿಕೊಡಿ, ದಿನಾಂಕ 5 ಇಡಿ. ಪ್ರತಿ ತಿಂಗಳೂ ಕೇಳಿ ಪಡೆಯುವ ಹಣ ಮೂರನೇ ತಿಂಗಳಿಗೆ ನಿಲ್ಲುತ್ತದೆ. ಕೆಲಸದ ಮನೆಯ ಯಜಮಾನಿಯನ್ನು ಕೇಳಲು ಮರೆಯಬೇಡಿ: ತನ್ನ ಅಡುಗೆಮನೆ ಸಂಜೆ ಆರರವರೆಗೆ ನಡೆಯುವುದು ಯಾರ ಮಗು ಒಂಟಿಯಾಗಿರುವುದರಿಂದ ಎಂಬುದು ಅವರಿಗೆ ತಿಳಿಯಬೇಕಾದ ವಿಷಯ.

80ಜಿ ರಿಯಾಯಿತಿಯನ್ನು ದೊಡ್ಡದು ಮಾಡಿ ಹೇಳಬೇಡಿ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಅದು ಸಿಗುವುದಿಲ್ಲ, ಸಂಬಳದಾರರಲ್ಲಿ ಹಲವರು ಈಗ ಅದರಲ್ಲೇ ಇದ್ದಾರೆ. ಹಳೆಯ ಪದ್ಧತಿಯಲ್ಲಿರುವ ವ್ಯಾಪಾರಿಗಳಿಗೆ ಮಾತ್ರ ಹೇಳಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಇಲ್ಲ, ವಸ್ತುರೂಪದ ದಾನಕ್ಕೂ ಇಲ್ಲ ಎಂಬುದನ್ನೂ ಮೊದಲೇ ತಿಳಿಸಿ.

ಎರಡನೆಯದು ಒಂದು ಸಂಜೆಯ ಸೇವೆ. ನಮ್ಮ ದೇವಸ್ಥಾನಗಳಲ್ಲಿ ಮಗಳ ಹುಟ್ಟುಹಬ್ಬಕ್ಕೋ ತಂದೆಯ ಪುಣ್ಯತಿಥಿಗೋ ಒಂದು ದಿನದ ಪೂಜೆ ಬರೆಸುವ ರೂಢಿ ಎಲ್ಲರಿಗೂ ಗೊತ್ತು. ಶಾಶ್ವತ ಪೂಜಾ ನಿಧಿಯೂ ಗೊತ್ತು: ಮೊತ್ತವನ್ನು ಠೇವಣಿ ಇಟ್ಟರೆ ಬಡ್ಡಿಯಿಂದ ಪ್ರತಿ ವರ್ಷ ಅದೇ ದಿನ ಸೇವೆ ನಡೆಯುತ್ತದೆ. ಇದೇ ಕ್ರಮವನ್ನು ಕೇಂದ್ರಕ್ಕೆ ತನ್ನಿ. 1,250 ರೂಪಾಯಿಗೆ ಒಂದು ಸಂಜೆ. ತಿಂಗಳಿಗೆ ಆರು ಸಂಜೆ ತುಂಬಿದರೆ 7,500. ಶೇ 6.5ರ ಬಡ್ಡಿ ಎಂದು ಹಿಡಿದರೆ 20,000 ರೂಪಾಯಿಯ ಠೇವಣಿ ವರ್ಷಕ್ಕೆ 1,300 ಕೊಡುತ್ತದೆ. ಅದು ಶಾಶ್ವತ ಸಂಜೆ. ಹೀಗೆ ಬಂದ ಮೂಲನಿಧಿಗೆ "ಇದು ಮೂಲಧನಕ್ಕೆ" ಎಂದು ದಾನಿಯ ಲಿಖಿತ ಸೂಚನೆ ಇರಬೇಕು, ಹಣ ಬ್ಯಾಂಕ್ ನಿಶ್ಚಿತ ಠೇವಣಿಯಂಥ ಕಾನೂನು ಒಪ್ಪುವ ರೂಪದಲ್ಲೇ ಇರಬೇಕು. ಬೆಲೆ ಏರಿದಂತೆ ಸಂಜೆಯ ದರವೂ ಏರುವುದರಿಂದ ರಸೀದಿಯಲ್ಲಿ "ಬಡ್ಡಿಯಷ್ಟರ ಮಟ್ಟಿಗೆ" ಎಂದು ನಮೂದಿಸಿ.

ಕೇಳುವ ಪತ್ರ ಒಂದೇ ಪುಟದ್ದಾಗಿರಲಿ. ಮಾದರಿ ಹೀಗಿದೆ:

"ಮಾನ್ಯರೇ, ನಮ್ಮ ಓಣಿಯ 30 ಮಕ್ಕಳ ತಾಯಂದಿರು ಕೆಲಸ ಮುಗಿಸಿ ಮನೆಗೆ ಬರುವುದು ಸಂಜೆ ಏಳರ ಸುಮಾರಿಗೆ. ಶಾಲೆ ಬಿಟ್ಟಾಗಿನಿಂದ ಅವರು ಬರುವವರೆಗೆ ಮಕ್ಕಳು ನಮ್ಮ ಕೇಂದ್ರದಲ್ಲಿರುತ್ತಾರೆ. ಅಲ್ಲಿ ತಿಂಡಿ, ಓದು, ಆಟಗಳಿವೆ. ನೋಡಿಕೊಳ್ಳಲು ಇಬ್ಬರು ಮಹಿಳೆಯರಿದ್ದಾರೆ. ಒಂದು ಸಂಜೆಗೆ 1,250 ರೂಪಾಯಿ ವೆಚ್ಚವಾಗುತ್ತದೆ, ಅದರಲ್ಲಿ ಅರ್ಧ ಆ ಇಬ್ಬರ ಸಂಬಳ. ವರ್ಷದಲ್ಲಿ ತಮಗೆ ಇಷ್ಟವಾದ ಒಂದು ಸಂಜೆಯನ್ನು ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇವೆ."

ಸಂಬಳದ ಮಾತನ್ನು ಪತ್ರದಲ್ಲೇ ಬರೆಯಿರಿ, ಮುಚ್ಚಿಡಬೇಡಿ. ಅಂಗಡಿಯಲ್ಲಿ ಕೂತು ಮಾತಾಡುವಾಗ "ನಾಲ್ಕು ಫ್ಯಾನ್ ಕೊಡಿಸುತ್ತೇನೆ, ನಮ್ಮ ತಂದೆಯವರ ಹೆಸರು ಬರೆಸಿ" ಎಂಬ ಉತ್ತರ ಬಂದೇ ಬರುತ್ತದೆ. ಆಗ ಮೆಲ್ಲಗೆ ಹೇಳಿ: "ಸಾಹುಕಾರರೇ, ಫ್ಯಾನ್ ಎರಡಿವೆ, ಸಾಲುತ್ತವೆ. ಮಕ್ಕಳನ್ನು ನೋಡಿಕೊಳ್ಳುವ ಅಕ್ಕನ ಮುಂದಿನ ತಿಂಗಳ ಸಂಬಳಕ್ಕೆ ಇನ್ನೂ ಹಣ ಕೂಡಿಲ್ಲ. ತಂದೆಯವರ ಹೆಸರಿನಲ್ಲಿ ಒಂದು ತಿಂಗಳು ನಡೆಸಿಕೊಡಿ, ಆ ತಿಂಗಳು ಪೂರ್ತಿ ಅವರ ಹೆಸರನ್ನು ಫಲಕದ ಮೇಲೆ ಬರೆಯುತ್ತೇವೆ." ಹೆಸರಿನ ಆಸೆ ತಪ್ಪಲ್ಲ. ಅದಕ್ಕೆ ಫ್ಯಾನಿನ ರೆಕ್ಕೆಗಿಂತ ಒಳ್ಳೆಯ ಜಾಗ ತೋರಿಸುವುದು ನಿಮ್ಮ ಕೆಲಸ. ದಿನನಿತ್ಯದ ಖರ್ಚಿಗೆ ದೊಡ್ಡವರೂ ಕೊಡುತ್ತಾರೆ ಎನ್ನಲು ಒಂದು ಉದಾಹರಣೆ ಇಟ್ಟುಕೊಳ್ಳಿ: 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕರ್ನಾಟಕದ ಶಾಲಾ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಕಟ್ಟಡವಿಲ್ಲ, ಕಲ್ಲಿನ ಮೇಲೆ ಕೆತ್ತಿದ ಹೆಸರಿಲ್ಲ.

ವಸ್ತುದಾನವನ್ನು ತಿಂಡಿಯ ಕಡೆ ತಿರುಗಿಸಿ. ದಾವಣಗೆರೆಯಲ್ಲಿ ಭಟ್ಟಿ ಮಾಲೀಕರು ವಾರಕ್ಕೊಂದು ಚೀಲ ಮಂಡಕ್ಕಿ ಕೊಡಬಲ್ಲರು, ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಯವರು ಶೇಂಗಾ ಕೊಡಬಲ್ಲರು. ಮಂಡಕ್ಕಿ, ಶೇಂಗಾ, ಮೊಳಕೆ ಕಾಳು, ಬಾಳೆಹಣ್ಣು ಇಷ್ಟಿದ್ದರೆ ಮಕ್ಕಳ ಹೊಟ್ಟೆಯೂ ತುಂಬುತ್ತದೆ, 7,200ರ ಖರ್ಚೂ ಇಳಿಯುತ್ತದೆ. ಬಂದದ್ದನ್ನೆಲ್ಲ ದಾಸ್ತಾನು ವಹಿಯಲ್ಲಿ ಬರೆಯಿರಿ.

ಕೇಳುವ ಕಾಲವೂ ನೋಡಬೇಕು. ವ್ಯಾಪಾರಿಗಳನ್ನು ದೀಪಾವಳಿಯ ಅಂಗಡಿ ಪೂಜೆಯ ಆಸುಪಾಸಿನಲ್ಲಿ ಕಾಣಿ. ಭದ್ರಾ ನಾಲೆಯ ಭತ್ತದ ರೈತರನ್ನು ಕೊಯ್ಲು ಮುಗಿದು ಕೈಗೆ ಹಣ ಬಂದ ಮೇಲೆ ಕೇಳಿ. ರಂಜಾನ್ ತಿಂಗಳಲ್ಲಿ ಬರುವ ಜಕಾತ್ ಯಾರಿಗೆ, ಯಾವುದಕ್ಕೆ ಸಲ್ಲಬೇಕು ಎಂಬುದಕ್ಕೆ ನಿಯಮಗಳಿವೆ. ಅದನ್ನು ಬೇರೆ ಇಟ್ಟು, ಕೊಡುವವರನ್ನೇ ಕೇಳಿ ಅರ್ಹ ಮಕ್ಕಳಿಗೆ ಬಳಸಿ. ಸಂಬಳ, ಬಾಡಿಗೆಗೆ ಸದಕಾ (ಸ್ವಇಚ್ಛೆಯ ದಾನ) ಹಣ ಕೇಳಿ.

ಒಂದನ್ನು ಮಾತ್ರ ಗಟ್ಟಿಯಾಗಿ ನಿರಾಕರಿಸಿ. ಚುನಾವಣೆ ಹತ್ತಿರವಾದಾಗ ತಮ್ಮ ಚಿತ್ರವಿರುವ ನೋಟ್‌ಬುಕ್ ಹಂಚಲು ಬರುವವರಿಗೆ ಕೈಮುಗಿದು ಬೇಡವೆನ್ನಿ. ಆ ಚಿತ್ರ ನಿಮ್ಮ ಕೇಂದ್ರದ ಮೇಲೆ ಐದು ವರ್ಷ ಅಂಟಿರುತ್ತದೆ.

ಹೆಜ್ಜೆ 7: ಉಳಿದ ಕೊರತೆಗೆ ಕ್ಲಬ್, ಕಂಪನಿ, ಗಣಿ ನಿಧಿ

ಪೋಷಕರಿಂದ 3,600, ತಿಂಗಳ ದಾನಿಗಳಿಂದ 10,000, ಸಂಜೆ ಸೇವೆಯಿಂದ 7,500. ಒಟ್ಟು 21,100. ಕೊರತೆ ತಿಂಗಳಿಗೆ 8,900, ವರ್ಷಕ್ಕೆ 1,06,800. ದೊಡ್ಡ ದಾನಿಯಿಂದ ಬೇಕಾಗಿರುವುದು ಇಷ್ಟೇ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಊರೇ ಹೊತ್ತಿದೆ ಎಂದು ತೋರಿಸುವ ಅರ್ಜಿಗೆ ಬಲ ಜಾಸ್ತಿ.

ರೋಟರಿಯ ವರ್ಷ ಜುಲೈ 1ಕ್ಕೆ ಶುರು. ಮುಂದಿನ ಅಧ್ಯಕ್ಷರು ಯೋಜನೆ ಹಾಕುವ ಏಪ್ರಿಲ್, ಮೇ ತಿಂಗಳಲ್ಲೇ ಅವರನ್ನು ಕಾಣಿ. ಉದ್ಘಾಟನೆಯ ಫೋಟೋಗಿಂತ ಹನ್ನೆರಡು ತಿಂಗಳ ಸಹಾಯಕಿಯ ಸಂಬಳ ಕೇಳಿ. 72,000 ರೂಪಾಯಿ ಒಂದು ಕ್ಲಬ್ಬಿಗೆ ಹೊರಲಾರದ ಮೊತ್ತವಲ್ಲ.

ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ಅತಿಯಾದ ನಂಬಿಕೆ ಬೇಡ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ಹೊರಗಿನ ಸಂಸ್ಥೆಯ ಮೂಲಕ ಕೊಡಬೇಕಾದರೆ ಆ ಸಂಸ್ಥೆಗೆ 12ಎಬಿ, 80ಜಿ ಇರಬೇಕು, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವವಿರಬೇಕು, ಸಿಎಸ್ಆರ್-1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು. ಹಾಗಾಗಿ ಮೊದಲ ದಿನವೇ ಇದರ ಕನಸು ಕಾಣುವುದರಲ್ಲಿ ಅರ್ಥವಿಲ್ಲ. ತನ್ನ ನೌಕರರ ಮಕ್ಕಳಿಗಷ್ಟೇ ಅನುಕೂಲವಾಗುವ ಕೆಲಸವನ್ನು ಕಂಪನಿ ಸಿಎಸ್ಆರ್ ಎಂದು ತೋರಿಸುವಂತಿಲ್ಲ. ಗಾರ್ಮೆಂಟ್ ಕಾರ್ಖಾನೆಯನ್ನು ಕೇಳುವಾಗ ಇಡೀ ಓಣಿಯ ಮಕ್ಕಳಿಗೆ ಎಂದೇ ಕೇಳಿ. ಕಾರ್ಖಾನೆಯ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುವುದರಿಂದ ಹರಿಹರದವರು ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಕಾರ್ಖಾನೆಗಳನ್ನು, ಚಿತ್ರದುರ್ಗದವರು ಗಾಳಿ ವಿದ್ಯುತ್ ಮತ್ತು ಗಣಿ ಕಂಪನಿಗಳನ್ನು ಮೊದಲು ನೋಡಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ "ತಕ್ಷಣ ಖರ್ಚು ಮಾಡಿ ಬಿಲ್ ಕೊಡಿ" ಎಂದು ಬರುವ ಹಣ ನಿಮಗೆ ಕಂಪ್ಯೂಟರ್ ಕೊಡಿಸುತ್ತದೆ, ಏಪ್ರಿಲ್‌ನ ಸಂಬಳ ಕೊಡುವುದಿಲ್ಲ. ಎರಡು ವರ್ಷದ ಲಿಖಿತ ಬದ್ಧತೆ ಇಲ್ಲದೆ ಕೇಂದ್ರವನ್ನು ಆ ಹಣದ ಮೇಲೆ ನಿಲ್ಲಿಸಬೇಡಿ.

ಚಿತ್ರದುರ್ಗ ಜಿಲ್ಲೆಯ ಗಣಿಬಾಧಿತ ಹಳ್ಳಿಗಳಲ್ಲಿ ಇನ್ನೊಂದು ದಾರಿಯಿದೆ. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಕಲ್ಯಾಣ ಆದ್ಯತೆಯ ಕ್ಷೇತ್ರಗಳು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪಂಚಾಯಿತಿಯ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಕಟ್ಟಡ, ಶೌಚಾಲಯ, ನೀರಿನ ಬೇಡಿಕೆ ಕಳಿಸಿ. ಸಂಬಳವನ್ನು ಊರಿನ ದಾನದಿಂದಲೇ ನಡೆಸಿ.

ವಿದೇಶದ ಹಣದಲ್ಲಿ ಜೋಪಾನ. ದಾವಣಗೆರೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಓದಿ ಅಮೆರಿಕ, ಬ್ರಿಟನ್ನಿನಲ್ಲಿ ನೆಲೆಸಿದವರು ಪ್ರೀತಿಯಿಂದ ಕೊಡಲು ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ, ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಅಡಿ ಅನುಮತಿ ಇಲ್ಲದೆ ಅದನ್ನು ಪಡೆಯುವುದು ಅಪರಾಧ. ಪಾಸ್‌ಪೋರ್ಟ್ ಪ್ರತಿ ಕೇಳಲು ಸಂಕೋಚ ಬೇಡ.

ಹೆಜ್ಜೆ 8: ವಹಿಗಳು

ರಸೀದಿ ಪುಸ್ತಕ, ನಗದು ಪುಸ್ತಕ, ಸಂಬಳದ ವಹಿ, ದಾಸ್ತಾನು ವಹಿ ಎಲ್ಲರಿಗೂ ಗೊತ್ತಿರುವಂಥವು. ಇವುಗಳ ಜೊತೆ ನಾನು ಒತ್ತಿ ಹೇಳುವುದು ಇನ್ನೊಂದನ್ನು: ಮಗುವನ್ನು ಕರೆದೊಯ್ದ ವಹಿ. ಪ್ರತಿ ಸಂಜೆ ಯಾರು, ಎಷ್ಟು ಗಂಟೆಗೆ ಕರೆದೊಯ್ದರು, ಸಹಿ ಅಥವಾ ಹೆಬ್ಬೆಟ್ಟು. ಇದು ಮಗುವಿನ ಸುರಕ್ಷತೆಗೆ ಬೇಕೇ ಬೇಕು. ಹಣ ತರುವುದಕ್ಕೂ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಆರು ತಿಂಗಳ ವಹಿಯನ್ನು ಕೂಡಿಸಿ ನೋಡಿದರೆ ಎಷ್ಟು ಮಕ್ಕಳು ಏಳು ಗಂಟೆಯ ನಂತರವೂ ಇದ್ದರು ಎಂಬುದು ತಾನೇ ಹೊರಬರುತ್ತದೆ. ಅಂಕಪಟ್ಟಿಯ ಏರಿಳಿತಕ್ಕೆ ನೂರು ಕಾರಣಗಳಿರುತ್ತವೆ. ಈ ವಹಿ ಹೇಳುವುದು ನಿಮ್ಮ ಕೇಂದ್ರ ಮಾಡಿದ ಕೆಲಸವನ್ನೇ.

ದಾನಿಗಳ ಹೆಸರು, ವಿಳಾಸ, ಪ್ಯಾನ್ ಬರೆದುಕೊಳ್ಳಿ. ದತ್ತಿ ಸಂಸ್ಥೆಗೆ ಬಂದ ಹೆಸರಿಲ್ಲದ ದೇಣಿಗೆ ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ 30 ತೆರಿಗೆ ಬೀಳುತ್ತದೆ. ಹುಂಡಿ ಇಡುವವರು ಗಮನಿಸಬೇಕು. 80ಜಿ ದಾನಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ತಿಂಗಳ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಕೇಂದ್ರದ ಗೋಡೆಗೆ ಹಚ್ಚಿ, ತಾಯಂದಿರೂ ಓದಲಿ.

ಹೆಜ್ಜೆ 9: ದಾನಿಗಳಿಂದ ಮಕ್ಕಳನ್ನು ಕಾಯುವುದು

ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಪೊಲೀಸ್ ಪರಿಶೀಲನೆ ಮಾಡಿಸಿ. ಎಲ್ಲ ಹೊತ್ತೂ ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರು ರಜೆಯಲ್ಲಿದ್ದರೆ ತಾಯಂದಿರಲ್ಲಿ ಒಬ್ಬರು ಬರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದ ಅನುಮಾನ ಬಂದರೂ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಕರೆಯ 112 ಸಂಖ್ಯೆಗಳು ಬಾಗಿಲ ಬಳಿ ಇರಲಿ.

ದಾನಿಗಳ ಭೇಟಿಗೂ ನಿಯಮ ಬೇಕು. ಸಂಜೆ ವಹಿಸಿಕೊಂಡವರು ಬರಲಿ, ತಿಂಡಿ ಬಡಿಸಲಿ, ಮಕ್ಕಳ ಜೊತೆ ಕೇರಂ ಆಡಲಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬ್ಯಾಗ್ ಹಿಡಿಸಿ ಫೋಟೋ ತೆಗೆಯುವುದು, "ಥ್ಯಾಂಕ್ಯೂ ಅಂಕಲ್" ಎಂದು ಒಕ್ಕೊರಲಿನಲ್ಲಿ ಹೇಳಿಸುವುದು ಬೇಡ. ಆ ಮಗುವಿನ ತಾಯಿ ತಿಂಗಳಿಗೆ 150 ರೂಪಾಯಿ ಕೊಟ್ಟಿದ್ದಾಳೆ. ಅವಳ ಮಗು ಯಾರ ಮುಂದೆಯೂ ಕೈಯೊಡ್ಡಿ ನಿಂತಿಲ್ಲ. ಫೋಟೋ ಬೇಕೇ ಬೇಕೆನ್ನುವವರಿಗೆ ಮಕ್ಕಳು ಬರೆದ ಚಿತ್ರ ಕೊಡಿ. ಈ ನಿಯಮವನ್ನು ಪತ್ರದ ಹಿಂಬದಿಯಲ್ಲೇ ಅಚ್ಚು ಹಾಕಿಸಿದರೆ ಆಮೇಲೆ ಮುಜುಗರವಿರುವುದಿಲ್ಲ.

ಹೆಜ್ಜೆ 10: ಹಣ ನಿಂತ ತಿಂಗಳಿಗೆ ಸಿದ್ಧತೆ

ನಿಲ್ಲುತ್ತದೆ. ಮೇ ತಿಂಗಳ ಮದುವೆಗಳಲ್ಲಿ, ಜೂನ್‌ನ ಶಾಲಾ ಶುಲ್ಕದ ಕಾಲದಲ್ಲಿ ತಿಂಗಳ ದಾನಿಗಳ ಖಾತೆ ಬರಿದಾಗಿರುತ್ತದೆ. ದತ್ತಿ ಸಂಸ್ಥೆ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಶೇ 15ನ್ನು ಉಳಿಸಿಕೊಳ್ಳಬಹುದು. 3,60,000ದಲ್ಲಿ ಅದು 54,000. ಎರಡು ತಿಂಗಳ ಖರ್ಚಿಗೆ ಸ್ವಲ್ಪ ಕಡಿಮೆ. ಮೊದಲ ವರ್ಷದಿಂದಲೇ ಇದನ್ನು ಬೇರೆ ಖಾತೆಯಲ್ಲಿಡಿ, ಸಂಬಳಕ್ಕಲ್ಲದೆ ಇನ್ನಾವುದಕ್ಕೂ ಮುಟ್ಟಬೇಡಿ. ಹೆಚ್ಚು ಕೂಡಿಡಬೇಕಾದರೆ ಉದ್ದೇಶ ನಮೂದಿಸಿ, ನಿಗದಿತ ನಮೂನೆ ಸಲ್ಲಿಸಿ ಐದು ವರ್ಷದವರೆಗೆ ಇಡಲು ಅವಕಾಶವಿದೆ.

ಕೇಂದ್ರ ಚೆನ್ನಾಗಿ ನಡೆದರೆ ಪಕ್ಕದ ಬೀದಿಯ ತಾಯಂದಿರು ಬಂದು ನಿಲ್ಲುತ್ತಾರೆ. 31ನೇ ಮಗುವಿಗೆ ಇಲ್ಲವೆನ್ನುವುದು ಬಹಳ ಕಷ್ಟ. ಆದರೂ ಇಬ್ಬರು ನೋಡಿಕೊಳ್ಳುವ ಕೋಣೆಯಲ್ಲಿ 45 ಮಕ್ಕಳನ್ನು ತುಂಬಬೇಡಿ. ಹೆಸರು, ತಾಯಿ ಮನೆಗೆ ಬರುವ ಹೊತ್ತು ಎರಡನ್ನೂ ಕಾಯುವ ಪಟ್ಟಿಯಲ್ಲಿ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ 15 ಹೆಸರಾದ ದಿನ, ಇನ್ನೊಬ್ಬ ಸಹಾಯಕಿಯ 6,000 ಮತ್ತು 15 ಮಕ್ಕಳ ತಿಂಡಿಯ 3,600, ಒಟ್ಟು ತಿಂಗಳಿಗೆ 9,600 ರೂಪಾಯಿಯ ಹೊಸ ಅರ್ಜಿಯನ್ನು ಬರೆದು, ಪಟ್ಟಿಯನ್ನೇ ಅದಕ್ಕೆ ಲಗತ್ತಿಸಿ ದಾನಿಗಳ ಬಳಿ ಹೋಗಿ. ಪಟ್ಟಿಯಲ್ಲಿ ಮಕ್ಕಳ ಹೆಸರನ್ನು ಅಳಿಸಿ, ಗಂಟೆಗಳನ್ನು ಮಾತ್ರ ಉಳಿಸಿ.